ಮೂವತ್ತೆರಡನ್ನು ಕೂಡಿಸುವ ಮುನ್ನ

ತುಮಕೂರು ಜಿಲ್ಲೆಯ ಶಿರಾ ತಾಲ್ಲೂಕಿನಲ್ಲಿರುವ ಬುಕ್ಕಾಪಟ್ಟಣ ಬಯಲುಸೀಮೆಯ ಊರು. ಅದರ ಸುತ್ತಲಿನ ಕುರುಚಲು ಕಾಡಿನಲ್ಲಿ ಚಿಂಕಾರ ಎಂಬ ಪುಟ್ಟ ಹುಲ್ಲೆ ವಾಸಿಸುತ್ತದೆ. ಅದರ ರಕ್ಷಣೆಗೆಂದು 2019ರಲ್ಲಿ ಅಲ್ಲಿ ವನ್ಯಜೀವಿಧಾಮವೊಂದನ್ನು ಘೋಷಿಸಲಾಯಿತು. ಒಣ ಹವೆಯನ್ನೂ ನೀರಿನ ಅಭಾವವನ್ನೂ ಸಹಿಸಿ ಬಾಳಬಲ್ಲ ಪ್ರಾಣಿಗೆ ನೆಲೆಯಾದ ಸೀಮೆಯಲ್ಲಿ ಬೇಸಗೆ ಹೇಗಿರುತ್ತದೆಂಬುದನ್ನು ವಿವರಿಸಬೇಕಾಗಿಲ್ಲ. ಅಲ್ಲಿನ ಒಂದು ಮಧ್ಯಾಹ್ನವನ್ನು ಕಲ್ಪಿಸಿಕೊಳ್ಳಿ. ಬೀದಿಯಲ್ಲಿ ಬಿಸಿಲು ಸುಡುತ್ತಿದೆ. ಅಂದಿನ ಉಷ್ಣತೆ 38 ಡಿಗ್ರಿ ಎಂದು ವಾರ್ತೆಯಲ್ಲಿ ಹೇಳಿದ್ದಾರೆ. ಅದೇ ಹೊತ್ತಿನಲ್ಲಿ ಮನೆಯೊಂದರ ಒಳಗೆ ಮಗುವೊಂದು ಜ್ವರದಿಂದ ಮಲಗಿದೆ. ತಾಯಿ ಥರ್ಮಾಮೀಟರನ್ನು ಬೆಳಕಿಗೆ ಹಿಡಿದು ನೋಡಿದರೆ 100.4 ಡಿಗ್ರಿ ಇದೆ. ಹೊರಗಿನದು ಚಿಕ್ಕ ಅಂಕಿ, ಒಳಗಿನದು ದೊಡ್ಡ ಅಂಕಿ. ಆದರೆ ಹೊರಗಿನ ಗಾಳಿಯ ಉಷ್ಣತೆಗೂ ಮಗುವಿನ ಮೈಯ ಉಷ್ಣತೆಗೂ ಎಳ್ಳಷ್ಟೂ ವ್ಯತ್ಯಾಸವಿಲ್ಲ. ಒಂದನ್ನು ಸೆಲ್ಸಿಯಸ್ ಮಾನದಲ್ಲಿ ಹೇಳಲಾಗಿದೆ, ಇನ್ನೊಂದನ್ನು ಫ್ಯಾರನ್‌ಹೀಟ್ ಮಾನದಲ್ಲಿ.

ಈಗ ಚಿತ್ರವನ್ನು ಸ್ವಲ್ಪ ಬದಲಾಯಿಸೋಣ. ಆ ಮನೆಯ ಹಳೆಯ ಥರ್ಮಾಮೀಟರು ಒಡೆದುಹೋಗಿ ಪೇಟೆಯಿಂದ ಹೊಸದೊಂದು ಬಂದಿದೆ. ಅದು ಸೆಲ್ಸಿಯಸ್ ಅಂಕಿಯನ್ನು ತೋರಿಸುವಂಥದು. ರಾತ್ರಿ ಅದರಲ್ಲಿ 39.5 ಎಂದು ಕಾಣುತ್ತದೆ. ನೂರು ದಾಟಿದರೆ ಮಾತ್ರ ಜ್ವರವೆಂದು ಬಾಳೆಲ್ಲ ಕೇಳಿಕೊಂಡು ಬಂದ ಅಜ್ಜಿ, “ಇನ್ನೂ ನಲವತ್ತೂ ಆಗಿಲ್ಲವಲ್ಲ” ಎಂದು ನಿಟ್ಟುಸಿರು ಬಿಟ್ಟರೆ ಆಕೆಯನ್ನು ದೂರುವಂತಿಲ್ಲ. ಆದರೆ 39.5 ಡಿಗ್ರಿ ಸೆಲ್ಸಿಯಸ್ ಎಂದರೆ 103.1 ಡಿಗ್ರಿ ಫ್ಯಾರನ್‌ಹೀಟ್. ಎಚ್ಚರದಿಂದ ನೋಡಿಕೊಳ್ಳಬೇಕಾದ, ವೈದ್ಯರ ಸಲಹೆ ಪಡೆಯಬೇಕಾದ ಜ್ವರ. ಅಂಕಿಯ ಭಾಷೆ ತಿಳಿಯದಿದ್ದರೆ ಆಗುವ ತೊಂದರೆ ಪರೀಕ್ಷೆಯ ಉತ್ತರಪತ್ರಿಕೆಗೆ ಸೀಮಿತವಾದುದಲ್ಲವೆಂದು ಇದರಿಂದ ಸ್ಪಷ್ಟವಾಗುತ್ತದೆ.

ಒಂದೇ ವಸ್ತುವನ್ನು ಅಳೆಯಲು ಈ ಎರಡು ಮಾನಗಳು ಹೇಗೆ ಬಂದವು? ಡೇನಿಯಲ್ ಗೇಬ್ರಿಯಲ್ ಫ್ಯಾರನ್‌ಹೀಟ್ 1686ರಲ್ಲಿ ಡಾನ್‌ಜಿಗ್ ನಗರದಲ್ಲಿ ಹುಟ್ಟಿದವನು. 1714ರಲ್ಲಿ ಅವನು ನಂಬಲರ್ಹವಾದ ಪಾದರಸದ ಉಷ್ಣಮಾಪಕವನ್ನು ತಯಾರಿಸಿದ. 1724ರಲ್ಲಿ ತನ್ನ ಮಾನವನ್ನು ಪ್ರಕಟಿಸಿದ. ಮಂಜುಗಡ್ಡೆ, ನೀರು ಮತ್ತು ಒಂದು ಬಗೆಯ ಲವಣವನ್ನು ಬೆರೆಸಿದಾಗ ದೊರೆಯುವ ಶೈತ್ಯವನ್ನು ಅವನು ಸೊನ್ನೆಯೆಂದು ಕರೆದ. ಆದ್ದರಿಂದಲೇ ಶುದ್ಧವಾದ ನೀರು ಹೆಪ್ಪುಗಟ್ಟುವ ಬಿಂದು ಅವನ ಮಾನದಲ್ಲಿ ಸೊನ್ನೆಯಾಗದೆ 32 ಆಯಿತು. ಸ್ವೀಡನ್ನಿನ ಖಗೋಳ ವಿಜ್ಞಾನಿ ಆಂಡರ್ಸ್ ಸೆಲ್ಸಿಯಸ್ 1742ರಲ್ಲಿ ಬೇರೊಂದು ಮಾನವನ್ನು ಸೂಚಿಸಿದ. ನೀರಿನ ಎರಡು ಬಿಂದುಗಳ ನಡುವಣ ಅಂತರವನ್ನು ಅವನು ನೂರು ಭಾಗ ಮಾಡಿದ. ವಿನೋದದ ಸಂಗತಿಯೆಂದರೆ, ಅವನು ಕುದಿಯುವ ಬಿಂದುವನ್ನು ಸೊನ್ನೆಯೆಂದೂ ಹೆಪ್ಪುಗಟ್ಟುವ ಬಿಂದುವನ್ನು ನೂರೆಂದೂ ಕರೆದಿದ್ದ! ಮುಂದೆ ಅದನ್ನು ತಲೆಕೆಳಗು ಮಾಡಿ ಈಗಿನ ರೂಪಕ್ಕೆ ತರಲಾಯಿತು. ಸೆಂಟಿಗ್ರೇಡ್ ಎಂದು ಕರೆಯಲ್ಪಡುತ್ತಿದ್ದ ಈ ಮಾನಕ್ಕೆ 1948ರಲ್ಲಿ ಸೆಲ್ಸಿಯಸ್ ಎಂಬ ಹೆಸರು ಅಧಿಕೃತವಾಯಿತು. ನಮ್ಮ ದೇಶ 1956ರ ಕಾಯಿದೆಯ ಮೂಲಕ ಮೆಟ್ರಿಕ್ ಪದ್ಧತಿಯನ್ನು ಅಂಗೀಕರಿಸಿತು. ಹವಾಮಾನದ ವರದಿಯೂ ಶಾಲೆಯ ಪ್ರಯೋಗಾಲಯವೂ ಸೆಲ್ಸಿಯಸ್ಸಿಗೆ ಒಗ್ಗಿಕೊಂಡವು. ಮನೆಯ ಜ್ವರದ ಲೆಕ್ಕ ಮಾತ್ರ ಹೆಚ್ಚಾಗಿ ಫ್ಯಾರನ್‌ಹೀಟ್‌ನಲ್ಲಿಯೇ ಉಳಿದುಕೊಂಡಿತು.

ಸೆಲ್ಸಿಯಸ್ ಅಂಕಿಯನ್ನು 9ರಿಂದ ಗುಣಿಸಿ 5ರಿಂದ ಭಾಗಿಸಿ 32ನ್ನು ಕೂಡಿಸಿದರೆ ಫ್ಯಾರನ್‌ಹೀಟ್ ಅಂಕಿ ದೊರೆಯುತ್ತದೆ. ಹಿಮ್ಮುಖವಾಗಿ ಹೋಗುವಾಗ ಮೊದಲು 32ನ್ನು ಕಳೆದು, ಅನಂತರ 5ರಿಂದ ಗುಣಿಸಿ 9ರಿಂದ ಭಾಗಿಸಬೇಕು. ಈ ಸೂತ್ರವನ್ನು ನೀವೆಲ್ಲರೂ ಬಲ್ಲಿರಿ. ಸೂತ್ರವನ್ನು ಬಾಯಿಪಾಠ ಮಾಡುವುದು ತಪ್ಪೆಂದು ನಾನು ಹೇಳಲಾರೆ; ಮಗ್ಗಿಯನ್ನು ಬಾಯಿಪಾಠ ಮಾಡದೆ ಲೆಕ್ಕ ಕಲಿತವರಾರು? ಆದರೆ ಸೂತ್ರದಲ್ಲಿರುವ ಪ್ರತಿಯೊಂದು ಅಂಕಿಯೂ ಯಾವ ಕೆಲಸಕ್ಕಾಗಿ ಅಲ್ಲಿ ನಿಂತಿದೆಯೆಂದು ತಿಳಿಯದವನು ಅದನ್ನು ಬೇಡವಾದ ಕಡೆಯಲ್ಲಿಯೂ ಬಳಸಿಬಿಡುತ್ತಾನೆ. ನಮ್ಮಲ್ಲಿ ಅನೇಕರಿಗೆ 32ನ್ನು ಹೇಗೆ ಕೂಡಿಸಬೇಕೆಂಬುದು ಗೊತ್ತು. ಯಾವಾಗ ಕೂಡಿಸಬಾರದೆಂಬುದು ಗೊತ್ತಿಲ್ಲ. ಈ ಎರಡನೆಯ ತಿಳಿವಳಿಕೆಯಿಲ್ಲದೆ ಮೊದಲನೆಯದು ಅರೆಬರೆಯಾದುದೆಂದು ನನ್ನ ಅಭಿಪ್ರಾಯ.

ಎರಡು ಮಾನಗಳ ನಡುವೆ ಇರುವ ಭೇದ ಒಂದಲ್ಲ, ಎರಡು. ಮೊದಲನೆಯದು, ಎಣಿಕೆಯನ್ನು ಎಲ್ಲಿಂದ ಆರಂಭಿಸುತ್ತೇವೆ ಎಂಬುದು. ಎರಡನೆಯದು, ಒಂದೊಂದು ಮೆಟ್ಟಿಲು ಎಷ್ಟು ದೊಡ್ಡದು ಎಂಬುದು. ಇವೆರಡನ್ನೂ ಬೇರೆಬೇರೆಯಾಗಿ ನೋಡಲು ನಮಗೆ ಪರಿಚಿತವಾದ ಉದಾಹರಣೆಗಳೇ ಸಾಕು.

ಮೊದಲು ಆರಂಭದ ವಿಚಾರ. ನಮ್ಮ ಶಾಸನಗಳಲ್ಲಿ ಕಾಲವನ್ನು ಸಾಮಾನ್ಯವಾಗಿ ಶಕವರ್ಷದಲ್ಲಿ ಸೂಚಿಸಿರುತ್ತಾರೆ. ಶಕವರ್ಷಕ್ಕೆ 78ನ್ನು ಕೂಡಿಸಿದರೆ ಕ್ರಿಸ್ತಶಕದ ವರ್ಷ ದೊರೆಯುತ್ತದೆ. ಚಾಲುಕ್ಯರ ಒಂದನೆಯ ಪುಲಕೇಶಿಯ ಬಾದಾಮಿ ಶಾಸನ ಶಕ 465ಕ್ಕೆ ಸೇರಿದುದು, ಎಂದರೆ ಕ್ರಿ.ಶ. 543. ಇಮ್ಮಡಿ ಪುಲಕೇಶಿಯ ಐಹೊಳೆ ಶಾಸನ ಶಕ 556ರದು, ಎಂದರೆ ಕ್ರಿ.ಶ. 634. ಈ ಎರಡು ಶಾಸನಗಳ ನಡುವೆ ಕಳೆದ ಕಾಲವೆಷ್ಟು? ಶಕವರ್ಷದಲ್ಲಿ ಲೆಕ್ಕ ಹಾಕಿದರೆ 91 ವರ್ಷ. ಕ್ರಿಸ್ತಶಕದಲ್ಲಿ ಲೆಕ್ಕ ಹಾಕಿದರೂ 91 ವರ್ಷ. 91ಕ್ಕೆ ಮತ್ತೆ 78ನ್ನು ಕೂಡಿಸಿ 169 ವರ್ಷವೆಂದು ಹೇಳುವ ವಿದ್ಯಾರ್ಥಿ ಯಾವನೂ ಇರಲಾರ. ನಿಮ್ಮ ಅಜ್ಜನವರಿಗೆ ಎಂಬತ್ತು ವರ್ಷ ವಯಸ್ಸಾಗಿದ್ದರೆ ಶಕಪಂಚಾಂಗವನ್ನು ಮುಂದಿಟ್ಟುಕೊಂಡು ಅವರ ವಯಸ್ಸು ಎರಡು ವರ್ಷವೆಂದು ಯಾರೂ ಹೇಳುವುದಿಲ್ಲ. ಎಣಿಕೆ ಎಲ್ಲಿಂದ ಆರಂಭವಾಯಿತೆಂಬುದು ಒಂದು ವರ್ಷದ ಹೆಸರಿಗೆ ಸಂಬಂಧಿಸಿದ್ದು. ಎರಡು ವರ್ಷಗಳ ನಡುವಣ ಅವಧಿಗೆ ಅದರ ಹಂಗಿಲ್ಲ.

ಇನ್ನು ಮೆಟ್ಟಿಲಿನ ವಿಚಾರ. 1957ರ ಏಪ್ರಿಲ್ 1ರಂದು ನಮ್ಮ ದೇಶದಲ್ಲಿ ದಶಮಾಂಶ ನಾಣ್ಯಪದ್ಧತಿ ಜಾರಿಗೆ ಬಂದಿತು. ಅದುವರೆಗೆ ರೂಪಾಯಿಗೆ 16 ಆಣೆಗಳಿದ್ದವು. ಆ ದಿನದಿಂದ 100 ಪೈಸೆಗಳಾದವು. ಹನ್ನೆರಡಾಣೆ ಎಂದರೆ 75 ಪೈಸೆ ಎಂದು ಜನ ಕಲಿತುಕೊಂಡರು. ಇಲ್ಲಿ ಗುಣಾಕಾರ ಮತ್ತು ಭಾಗಾಕಾರ ಮಾತ್ರ ಬೇಕಾಯಿತು, ಏನನ್ನೂ ಕೂಡಿಸಬೇಕಾಗಲಿಲ್ಲ. ಏಕೆಂದರೆ ಬರಿಗೈ ಎಂಬುದು ಆಣೆಯ ಲೆಕ್ಕದಲ್ಲಿಯೂ ಬರಿಗೈಯೇ, ಪೈಸೆಯ ಲೆಕ್ಕದಲ್ಲಿಯೂ ಬರಿಗೈಯೇ. ಸೊನ್ನೆ ಎರಡಕ್ಕೂ ಒಂದೇ. ಮೆಟ್ಟಿಲಿನ ಗಾತ್ರ ಮಾತ್ರ ಬೇರೆ.

ಉಷ್ಣತೆಯಲ್ಲಿ ಈ ಎರಡು ಭೇದಗಳೂ ಕೂಡಿಕೊಂಡಿವೆ. ನೀರು ಹೆಪ್ಪುಗಟ್ಟುವ ಬಿಂದುವಿನಿಂದ ಕುದಿಯುವ ಬಿಂದುವಿನವರೆಗೆ ಸೆಲ್ಸಿಯಸ್ ಮಾನದಲ್ಲಿ 100 ಮೆಟ್ಟಿಲುಗಳು. ಫ್ಯಾರನ್‌ಹೀಟ್ ಮಾನದಲ್ಲಿ 32ರಿಂದ 212ರವರೆಗೆ 180 ಮೆಟ್ಟಿಲುಗಳು. ಆದ್ದರಿಂದ ಸೆಲ್ಸಿಯಸ್ಸಿನ 5 ಮೆಟ್ಟಿಲುಗಳು ಫ್ಯಾರನ್‌ಹೀಟ್‌ನ 9 ಮೆಟ್ಟಿಲುಗಳಿಗೆ ಸಮ. ಸೂತ್ರದಲ್ಲಿರುವ 9 ಮತ್ತು 5 ಮೆಟ್ಟಿಲಿನ ಗಾತ್ರವನ್ನು ಹೇಳುತ್ತವೆ. 32 ಆರಂಭದ ಸ್ಥಾನವನ್ನು ಹೇಳುತ್ತದೆ. ಒಂದು ವಸ್ತುವಿನ ಉಷ್ಣತೆ ಎಷ್ಟಿದೆಯೆಂದು ಕೇಳಿದಾಗ ಮೂರು ಅಂಕಿಗಳೂ ಬೇಕು. ಉಷ್ಣತೆ ಎಷ್ಟು ಏರಿತು ಅಥವಾ ಇಳಿಯಿತು ಎಂದು ಕೇಳಿದಾಗ 9 ಮತ್ತು 5 ಸಾಕು. 32ಕ್ಕೆ ಅಲ್ಲಿ ಪ್ರವೇಶವಿಲ್ಲ.

ನಮ್ಮ ಜ್ವರದ ಮಗುವಿಗೇ ಹಿಂದಿರುಗೋಣ. ಬೆಳಿಗ್ಗೆ 99 ಡಿಗ್ರಿ ಫ್ಯಾರನ್‌ಹೀಟ್ ಇದ್ದ ಜ್ವರ ಸಂಜೆಗೆ 102 ಆಗಿದೆ. ಏರಿಕೆ 3 ಡಿಗ್ರಿ. ಇದನ್ನು ಸೆಲ್ಸಿಯಸ್ಸಿಗೆ ತರಲು 5ರಿಂದ ಗುಣಿಸಿ 9ರಿಂದ ಭಾಗಿಸಿದರೆ ಸುಮಾರು 1.7 ಡಿಗ್ರಿ ಎಂಬ ಸರಿಯಾದ ಉತ್ತರ ಬರುತ್ತದೆ. ಸೂತ್ರವನ್ನು ಕಣ್ಣುಮುಚ್ಚಿ ನಂಬಿದವನು ಮೊದಲು 32ನ್ನು ಕಳೆಯುತ್ತಾನೆ. ಅವನಿಗೆ ಸೊನ್ನೆಗಿಂತ 16 ಡಿಗ್ರಿ ಕೆಳಗಿನ ಉತ್ತರ ಸಿಗುತ್ತದೆ. ಜ್ವರ ಏರಿದೆಯೆಂದು ಹೇಳಹೊರಟವನು ಅದು ಹದಿನಾರು ಡಿಗ್ರಿ ಇಳಿಯಿತೆಂದು ಹೇಳಿದಂತಾಯಿತು! ಇದೇ ರೀತಿಯ ತಪ್ಪು ದೊಡ್ಡ ವಿಷಯಗಳಲ್ಲಿಯೂ ಆಗಬಹುದು. ಕೈಗಾರಿಕೆಗಳು ಬೆಳೆಯುವ ಮುಂಚಿನ ಕಾಲಕ್ಕೆ ಹೋಲಿಸಿದರೆ ಭೂಮಿಯ ಸರಾಸರಿ ಉಷ್ಣತೆಯ ಏರಿಕೆ 1.5 ಡಿಗ್ರಿ ಸೆಲ್ಸಿಯಸ್ಸಿಗಿಂತ ಹೆಚ್ಚಾಗದಂತೆ ಪ್ರಯತ್ನಿಸಬೇಕೆಂದು 2015ರ ಪ್ಯಾರಿಸ್ ಒಪ್ಪಂದದಲ್ಲಿ ರಾಷ್ಟ್ರಗಳು ಒಪ್ಪಿದವು. ಫ್ಯಾರನ್‌ಹೀಟ್ ಮಾನದಲ್ಲಿ ಆ ಏರಿಕೆ 2.7 ಡಿಗ್ರಿ. ಅದನ್ನು 34.7 ಎಂದು ಬರೆದುಬಿಟ್ಟರೆ ಓದುವವನು ನಡುಗುತ್ತಾನೆ. ಇಲ್ಲವೆ ಈ ಮಾತೆಲ್ಲ ಸುಳ್ಳೆಂದು ನಕ್ಕು ಬಿಡುತ್ತಾನೆ. ಎರಡೂ ಒಳ್ಳೆಯದಲ್ಲ.

ಉಷ್ಣತೆಯ ಏರಿಳಿತವನ್ನು ಎಚ್ಚರದಿಂದ ಲೆಕ್ಕ ಹಾಕಿದವರ ಕಥೆಯೊಂದು ನಮ್ಮ ನಾಡಿನಲ್ಲಿಯೇ ಇದೆ. 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿ ಬೆಂಗಳೂರಿನ ಬಳಿ ನೂರು ಅಡಿಯ ಉಕ್ಕಿನ ಸರಪಣಿಯಿಂದ ಏಳು ಮೈಲಿಗೂ ಹೆಚ್ಚು ಉದ್ದದ ಆಧಾರರೇಖೆಯನ್ನು ಅಳೆದನು. ಬಿಸಿಲೇರಿದಂತೆ ಉಕ್ಕು ಹಿಗ್ಗುತ್ತದೆ. ಉಷ್ಣತೆ 20 ಡಿಗ್ರಿ ಫ್ಯಾರನ್‌ಹೀಟ್‌ನಷ್ಟು ಏರಿದರೆ ನೂರು ಅಡಿಯ ಸರಪಣಿ ಒಂದು ಅಂಗುಲದ ಆರನೆಯ ಒಂದು ಭಾಗದಷ್ಟು ಮಾತ್ರ ಬೆಳೆಯುತ್ತದೆ. ಇದು ಅಲ್ಪವೆಂದು ತೋರಬಹುದು. ಆದರೆ ಏಳು ಮೈಲಿಯ ದೂರದಲ್ಲಿ ಅದು ಸುಮಾರು ಐದು ಅಡಿಯಾಗುತ್ತದೆ. ಆದಕಾರಣ ಅಳತೆಗಾರರು ಉಷ್ಣತೆಯನ್ನು ಗುರುತಿಸಿಕೊಂಡು ಉದ್ದವನ್ನು ತಿದ್ದಿಕೊಳ್ಳಬೇಕಾಗಿತ್ತು. ಈ ಲೆಕ್ಕವನ್ನು ಇಂದು ಸೆಲ್ಸಿಯಸ್ಸಿನಲ್ಲಿ ಮಾಡಬಯಸುವವನು 20 ಡಿಗ್ರಿಯ ಏರಿಕೆಯನ್ನು 11.1 ಡಿಗ್ರಿ ಎಂದು ಬರೆಯಬೇಕು. 32ನ್ನು ಕಳೆದವನ ಲೆಕ್ಕದಲ್ಲಿ ಬಿಸಿಲಿನಲ್ಲಿ ಸರಪಣಿ ಹಿಗ್ಗುವುದಕ್ಕೆ ಬದಲಾಗಿ ಕುಗ್ಗಿಬಿಡುತ್ತದೆ.

ಇಷ್ಟು ಹೊತ್ತು ನೋಡಿದ ತಪ್ಪುಗಳು ತಾವಾಗಿಯೇ ಕೂಗಿ ಹೇಳುವಂಥವು. ಅವುಗಳಿಂದ ಅಪಾಯ ಕಡಿಮೆ. ನೋಡಿದೊಡನೆ ನಾವು ನಕ್ಕು ತಿದ್ದಿಕೊಳ್ಳುತ್ತೇವೆ. ಸದ್ದಿಲ್ಲದೆ ಬಂದು ಕುಳಿತುಕೊಳ್ಳುವ ತಪ್ಪುಗಳೇ ಹೆಚ್ಚು ಕೆಟ್ಟವು. ಅದಕ್ಕೊಂದು ಉದಾಹರಣೆಯನ್ನು ಬುಕ್ಕಾಪಟ್ಟಣವಿರುವ ಜಿಲ್ಲೆಯ ಪಾವಗಡ ತಾಲ್ಲೂಕಿನಿಂದಲೇ ಕೊಡಬಹುದು. ಮಳೆ ಕಡಿಮೆಯಾದ ಆ ಸೀಮೆಯಲ್ಲಿ, ತಿರುಮಣಿಯ ಸುತ್ತಮುತ್ತ, ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆ ಭೂಮಿಯಲ್ಲಿ ಸೌರವಿದ್ಯುತ್ ಉದ್ಯಾನ ತಲೆಯೆತ್ತಿದೆ. 2019ರ ಕೊನೆಯ ವೇಳೆಗೆ ಅದರ ಸಾಮರ್ಥ್ಯ 2,050 ಮೆಗಾವ್ಯಾಟ್ ಆಯಿತು. ಬಿಸಿಲು ಹೆಚ್ಚಿದಷ್ಟೂ ವಿದ್ಯುತ್ತು ಹೆಚ್ಚುತ್ತದೆಂದು ನಾವು ಭಾವಿಸುತ್ತೇವೆ. ಬೆಳಕಿನ ಮಟ್ಟಿಗೆ ಅದು ನಿಜ. ಆದರೆ ಸೌರಫಲಕ ಬಿಸಿಯಾದಷ್ಟೂ ಅದರ ಶಕ್ತಿ ಕುಂದುತ್ತದೆ. ಸಾಮಾನ್ಯವಾದ ಸಿಲಿಕಾನ್ ಫಲಕದ ಸಾಮರ್ಥ್ಯವನ್ನು 25 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಗೊತ್ತುಪಡಿಸುತ್ತಾರೆ. ಅದಕ್ಕಿಂತ ಮೇಲೆ ಏರುವ ಪ್ರತಿಯೊಂದು ಡಿಗ್ರಿಗೂ ಸುಮಾರು ಶೇಕಡಾ 0.4ರಷ್ಟು ಶಕ್ತಿ ಕಡಿಮೆಯಾಗುತ್ತದೆ.

ಕಡುಬೇಸಗೆಯ ಮಧ್ಯಾಹ್ನ ಫಲಕವೊಂದರ ಉಷ್ಣತೆ 60 ಡಿಗ್ರಿ ಮುಟ್ಟಿತೆನ್ನೋಣ. ಏರಿಕೆ 35 ಡಿಗ್ರಿ. ನಷ್ಟ ಶೇಕಡಾ 14. ಇದನ್ನೇ ಫ್ಯಾರನ್‌ಹೀಟ್ ಬಳಸುವ ಅಮೆರಿಕದ ಓದುಗನಿಗೆ ವಿವರಿಸಬೇಕಾಗಿದೆ. 25 ಡಿಗ್ರಿ ಅಲ್ಲಿ 77 ಆಗುತ್ತದೆ, 60 ಡಿಗ್ರಿ 140 ಆಗುತ್ತದೆ. ಏರಿಕೆ 63 ಡಿಗ್ರಿ. ಅಲ್ಲಿನ ಮೆಟ್ಟಿಲು ಚಿಕ್ಕದಾದ್ದರಿಂದ ಪ್ರತಿ ಡಿಗ್ರಿಗೆ ಆಗುವ ನಷ್ಟವೂ ಚಿಕ್ಕದು, ಸುಮಾರು ಶೇಕಡಾ 0.22. ಗುಣಿಸಿ ನೋಡಿದರೆ ಅದೇ ಶೇಕಡಾ 14 ಬರುತ್ತದೆ. ಮಾನ ಬದಲಾದರೂ ಫಲಕ ಬದಲಾಗಲಿಲ್ಲ. ಆದರೆ ಒಬ್ಬನು 35 ಡಿಗ್ರಿಯ ಏರಿಕೆಗೆ ಅಭ್ಯಾಸಬಲದಿಂದ 32ನ್ನೂ ಕೂಡಿಸಿ 95 ಡಿಗ್ರಿ ಎಂದು ಬರೆದರೆ ನಷ್ಟ ಶೇಕಡಾ 21 ಆಗಿಬಿಡುತ್ತದೆ. 95 ಎಂಬ ಅಂಕಿಯಲ್ಲಿ ವಿಪರೀತವಾದುದೇನೂ ಕಾಣುವುದಿಲ್ಲ. 21 ಎಂಬುದೂ ಅಸಂಭವವೆಂದು ತೋರುವುದಿಲ್ಲ. ಯಾರೂ ನಗುವುದಿಲ್ಲ, ಯಾರೂ ತಿದ್ದುವುದಿಲ್ಲ. ತಪ್ಪು ಗೌರವಸ್ಥನ ವೇಷದಲ್ಲಿ ಕಾಗದದಿಂದ ಕಾಗದಕ್ಕೆ ಸಾಗುತ್ತದೆ.

ಇಷ್ಟೆಲ್ಲ ತಲೆ ಕೆಡಿಸಿಕೊಳ್ಳುವುದೇಕೆ, ಕೈಯಲ್ಲಿರುವ ಮೊಬೈಲ್ ಫೋನು ಕ್ಷಣಮಾತ್ರದಲ್ಲಿ ಪರಿವರ್ತಿಸಿ ಕೊಡುವುದಿಲ್ಲವೆ, ಎಂದು ನೀವು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಯಂತ್ರಕ್ಕೆ 35 ಡಿಗ್ರಿ ಸೆಲ್ಸಿಯಸ್ ಎಂದು ಕೊಟ್ಟರೆ ಅದು 95 ಡಿಗ್ರಿ ಫ್ಯಾರನ್‌ಹೀಟ್ ಎಂದು ತೋರಿಸುತ್ತದೆ. ಗುಣಾಕಾರದಲ್ಲಿ ಅದು ಎಂದೂ ತಪ್ಪುವುದಿಲ್ಲ. ಆದರೆ ನೀವು ಕೊಟ್ಟ 35 ಒಂದು ಮಧ್ಯಾಹ್ನದ ಉಷ್ಣತೆಯೋ, ಫಲಕದ ಉಷ್ಣತೆಯಲ್ಲಾದ ಏರಿಕೆಯೋ ಎಂಬುದು ನೀವು ತಿಳಿಸದ ಹೊರತು ಅದಕ್ಕೆ ತಿಳಿಯದು. ಹೇಳಬೇಕಾದವರು ನೀವು. ಹೇಳಬೇಕೆಂಬ ಅರಿವೇ ಇಲ್ಲದಿದ್ದರೆ ಯಂತ್ರ ವೇಗವಾದಷ್ಟೂ ನಮ್ಮ ತಪ್ಪೂ ವೇಗವಾಗುತ್ತದೆ.

ಹಾಗಾದರೆ ಫ್ಯಾರನ್‌ಹೀಟ್ ಮಾನವನ್ನೇ ಕೈಬಿಟ್ಟರೆ ಹೇಗೆ? ವ್ಯವಹಾರಕ್ಕೆ ಒಂದೇ ಮಾನವಿದ್ದರೆ ಅನುಕೂಲವೆಂಬುದನ್ನು ನಾನು ಒಪ್ಪುತ್ತೇನೆ. ಆದರೆ ಅಷ್ಟರಿಂದಲೇ ಈ ಅವಿವೇಕ ತೊಲಗುವುದಿಲ್ಲ. ಮುಂಜಾನೆ 20 ಡಿಗ್ರಿ ಸೆಲ್ಸಿಯಸ್ ಇದ್ದುದು ಮಧ್ಯಾಹ್ನ 40 ಆದರೆ ಬಿಸಿಲು ಎರಡರಷ್ಟಾಯಿತೆಂದು ಹೇಳುವವರಿದ್ದಾರೆ. ಅದೇ ಉಷ್ಣತೆಗಳು ಫ್ಯಾರನ್‌ಹೀಟ್‌ನಲ್ಲಿ 68 ಮತ್ತು 104. ಅಲ್ಲಿ ಎರಡರಷ್ಟು ಎಲ್ಲಿ ಹೋಯಿತು? ಎರಡು ಮಾನಗಳ ಸೊನ್ನೆಗಳೂ ಮನುಷ್ಯನ ಅನುಕೂಲಕ್ಕಾಗಿ ನೆಟ್ಟ ಕಲ್ಲುಗಳು. ಅವುಗಳಿಂದ ಎಣಿಸಿದ ಅಂಕಿಗಳನ್ನು ಒಂದರಿಂದ ಒಂದನ್ನು ಕಳೆಯಬಹುದು. ಒಂದು ಮತ್ತೊಂದರ ಎಷ್ಟು ಪಟ್ಟು ಎಂದು ಹೇಳಲಾಗದು.

ಪರಿವರ್ತನೆಯಿಂದ ಹುಟ್ಟುವ ಇನ್ನೊಂದು ಭ್ರಮೆಯನ್ನೂ ಇಲ್ಲಿ ಹೇಳಬೇಕು. ಆರೋಗ್ಯವಂತನ ಮೈಯ ಉಷ್ಣತೆ 98.6 ಡಿಗ್ರಿ ಎಂಬುದು ಮನೆಮನೆಯ ಮಾತು. ದಶಮಾಂಶದವರೆಗೆ ಹೇಳಿರುವುದರಿಂದ ಇದು ಬಹು ನಿಖರವಾದ ಅಂಕಿಯೆಂದು ತೋರುತ್ತದೆ. ಜರ್ಮನಿಯ ವೈದ್ಯ ಕಾರ್ಲ್ ವುಂಡರ್‌ಲಿಶ್ ಸಾವಿರಾರು ರೋಗಿಗಳ ಉಷ್ಣತೆಯನ್ನು ಅಳೆದು 1868ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿದ್ದುದು 37 ಡಿಗ್ರಿ ಸೆಲ್ಸಿಯಸ್ ಎಂಬ ಸರಾಸರಿ. ಅದನ್ನು ಫ್ಯಾರನ್‌ಹೀಟ್‌ಗೆ ತಿರುಗಿಸಿದಾಗ 98.6 ಆಯಿತು. ನಿಖರತೆ ಅಳತೆಯಿಂದ ಬಂದುದಲ್ಲ, ಗುಣಾಕಾರದಿಂದ ಬಂದುದು. 1992ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸರಾಸರಿ 98.2 ಎಂದು ಕಂಡುಬಂದಿತು. ಮೈಯ ಉಷ್ಣತೆ ವ್ಯಕ್ತಿಯಿಂದ ವ್ಯಕ್ತಿಗೂ ಬೆಳಿಗ್ಗೆಯಿಂದ ಸಂಜೆಗೂ ಸ್ವಲ್ಪ ವ್ಯತ್ಯಾಸವಾಗುತ್ತಲೇ ಇರುತ್ತದೆ. 98.8 ಕಂಡೊಡನೆ ಗಾಬರಿಯಾಗುವವನು ಅಂಕಿಯನ್ನು ಓದಿದ್ದಾನೆ. ಅದರ ಅರ್ಥವನ್ನು ಓದಿಲ್ಲ.

ಸೂತ್ರವನ್ನು ಅರ್ಥದೊಡನೆ ನೆನಪಿಡಲು ಸುಲಭವಾದ ದಾರಿಯೊಂದಿದೆ. ಸೆಲ್ಸಿಯಸ್ ಅಂಕಿಯನ್ನು ಇಮ್ಮಡಿ ಮಾಡಿ. ಬಂದುದರಲ್ಲಿ ಹತ್ತನೆಯ ಒಂದು ಭಾಗವನ್ನು ಕಳೆಯಿರಿ. 38ರ ಇಮ್ಮಡಿ 76, ಅದರಲ್ಲಿ 7.6ನ್ನು ಕಳೆದರೆ 68.4. ಇಲ್ಲಿ ಒಂದು ಗಳಿಗೆ ನಿಲ್ಲಿ. ನಿಮ್ಮ ಮುಂದಿರುವುದು ಉಷ್ಣತೆಯೋ, ಉಷ್ಣತೆಯ ಏರಿಳಿತವೋ ಎಂದು ಕೇಳಿಕೊಳ್ಳಿ. ಏರಿಳಿತವಾದರೆ ಲೆಕ್ಕ ಅಲ್ಲಿಗೆ ಮುಗಿಯಿತು. ಉಷ್ಣತೆಯಾದರೆ 32ನ್ನು ಕೂಡಿಸಿ, 100.4 ದೊರೆಯುತ್ತದೆ. ನಡುವೆ ನಿಂತು ಕೇಳಿಕೊಂಡ ಆ ಒಂದು ಪ್ರಶ್ನೆಯಲ್ಲಿಯೇ ಈ ಪಾಠದ ತಿರುಳೆಲ್ಲ ಅಡಗಿದೆ.

ಬುಕ್ಕಾಪಟ್ಟಣದ ಆ ಮನೆಯಲ್ಲಿ ಒಂಬತ್ತನೆಯ ತರಗತಿಯಲ್ಲಿ ಓದುವ ಅಕ್ಕನೊಬ್ಬಳು ಇದ್ದಾಳೆಂದು ಭಾವಿಸೋಣ. ರಾತ್ರಿ ಹೊಸ ಥರ್ಮಾಮೀಟರು 39.5 ಎಂದು ತೋರಿಸಿದಾಗ ಅವಳು ಮನಸ್ಸಿನಲ್ಲಿಯೇ ಲೆಕ್ಕ ಹಾಕಿ, “ಅಜ್ಜಿ, ಇದು ನೂರಮೂರು ಡಿಗ್ರಿ ಜ್ವರ, ಡಾಕ್ಟರಿಗೆ ಹೇಳಬೇಕು” ಎನ್ನುತ್ತಾಳೆ. ಬೆಳಗಿನ ಜಾವ 38 ಕಂಡಾಗ, “ಎರಡು ಡಿಗ್ರಿ ಏಳು ದಶಾಂಶದಷ್ಟು ಇಳಿದಿದೆ” ಎಂದು ಅಜ್ಜಿಗೆ ಅರ್ಥವಾಗುವ ಮಾನದಲ್ಲಿಯೇ ತಿಳಿಸುತ್ತಾಳೆ. ಮೊದಲನೆಯ ಸಲ ಅವಳು ಮೂವತ್ತೆರಡನ್ನು ಕೂಡಿಸಿದಳು. ಎರಡನೆಯ ಸಲ ಕೂಡಿಸಲಿಲ್ಲ. ಏಕೆಂದು ಕೇಳಿದರೆ ಕಾರಣವನ್ನು ಹೇಳಬಲ್ಲಳು. ಅವಳು ಶಾಲೆಗೆ ಹೋದದ್ದು ಸಾರ್ಥಕವಾಯಿತು.